ಹದಿನಾರಾಣೆ

ಸರ್ವೆ ನಂಬರ್ ನಲವತ್ತೇಳು, ಡೋಣಿ ದಂಡೆ,
ತಾಳಿಕೋಟಿಯಿಂದ ಎರಡು ಹರದಾರಿ.
ಕಾಲುವೆಗೆ ಹೋಗುವ ಹೊಲ, ಅಳೆಯಲು ಬಂದಿದ್ದೇನೆ.
ಮೂರು ಕಾಲಿನ ಮೇಲೆ ನಿಂತ ಯಂತ್ರ
ಹನ್ನೊಂದು ಉಪಗ್ರಹಗಳನ್ನು ವಿಚಾರಿಸಿ
ಹೇಳಿತು: ಹನ್ನೆರಡು ಎಕರೆ.
ಕಾಗದ ಹೇಳುತ್ತದೆ: ಹನ್ನೊಂದು ಎಕರೆ, ಮೂವತ್ತಮೂರು ಗುಂಟೆ.

ಮತ್ತೊಮ್ಮೆ ಹಾಕಿದೆ. ಹನ್ನೆರಡೇ.
ಬಾಂದುಗಲ್ಲು ನಾಲ್ಕೂ ಇದ್ದಲ್ಲೇ ಇವೆ,
ಎರಿಯೊಳಗೆ ಸೊಂಟದ ತನಕ ಹೂತು,
ತಲೆಯಷ್ಟೇ ಹೊರಗೆ.

ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ ಲಾಳೇಸಾಬ
‘ಏಳು ಗುಂಟೆ ಹೆಚ್ಚಿಗಿ ಬಂತೇನ್ರೀ ಬಾಯಾರ?’ ಅಂದ.
ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಆ ಕಾಲದ ಸಾಹೇಬ ಬರೆದಿಟ್ಟದ್ದು
ನಮ್ಮ ಕಚೇರಿಯ ಕಪಾಟಿನಲ್ಲಿದೆ, ಹುಳ ತಿಂದು ಉಳಿದಷ್ಟು:
ಮಣ್ಣು ಕಪ್ಪು, ಆಳ ಎರಡಾಳು.
ಬೇಸಿಗೆಯ ಬಿರುಕಿನಲ್ಲಿ ಎತ್ತಿನ ಕಾಲು ಸಿಕ್ಕು ಮುರಿಯುತ್ತದೆ.
ಹೊಳೆಯ ನೀರು ಉಪ್ಪು. ಜೋಳ ಉತ್ತಮ.
ಜನ ಸಾಧುಗಳು, ಲೆಕ್ಕದಲ್ಲಿ ಮಂದ.

ಸರಪಳಿಗೆ ಮೂವತ್ತಮೂರು ಅಡಿ.
ಅದನ್ನು ಹದಿನಾರು ಪಾಲು ಮಾಡಿ
ಪ್ರತಿ ಪಾಲಿಗೆ ಆಣೆ ಅಂತ ಹೆಸರಿಟ್ಟಿದ್ದರು,
ರೂಪಾಯಿಗೆ ಇಟ್ಟ ಹಾಗೆ.
ಈಚೆ ತುದಿ ಗೊಲ್ಲಾಳಪ್ಪ,
ಆಚೆ ತುದಿ ಖಾಜೇಸಾ, ಮಾಲನಬಿಯ ಗಂಡ.
ಮೂರು ಸುಗ್ಗಿ ಹೀಗೆ ಜಗ್ಗಿದರು
ಒಬ್ಬರ ಮುಖ ಒಬ್ಬರಿಗೆ ಮೂವತ್ತಮೂರು ಅಡಿ ದೂರ,
ಒಬ್ಬ ಕೆಮ್ಮಿದರೆ ಇನ್ನೊಬ್ಬನ ಅಂಗೈಯಲ್ಲಿ ಕಬ್ಬಿಣ ನಡುಗುತ್ತಿತ್ತು.

ಕೊಣ್ಣೂರ ಕಡೆಯ ಡೇರೆಯಲ್ಲಿ ಖಾಜೇಸಾ
ಒಂದೇ ರಾತ್ರಿ ವಾಂತಿಭೇದಿಯಾಗಿ ಹೋದ.
ಪಗಾರದ ಪುಸ್ತಕದಲ್ಲಿ ಆ ದಿನದ ಎರಡಾಣೆ
ಕಾಟು ಹೊಡೆದರು, ಕೆಲಸ ಪೂರ್ತಿಯಾಗಿರಲಿಲ್ಲ.

ಮುಂದಿನ ವಾರ ಮೋಜಣಿ ಈ ಹೊಲಕ್ಕೆ ಬಂತು.
ಮುಂಜಾನೆ ನೆಲಕ್ಕೆ ಬಡಿದ ಎರಡು ಗೂಟಗಳ ನಡುವೆ
ಸರಪಳಿ ಹಿಡಿದು ನೋಡಿದರು. ಸರಿ ಇತ್ತು, ಹದಿನಾರಾಣೆ.
ಬಿಸಿಲೇರಿ ಸಾಹೇಬ ಡೇರೆ ಸೇರಿದ,
ಗುಮಾಸ್ತ ಜಾಲಿಯ ನೆರಳು ಸೇರಿದ.
ಗೊಲ್ಲಾಳಪ್ಪ ರುಮಾಲಿನ ಮಡಿಕೆ ಬಿಚ್ಚಿ
ನಾಲ್ಕು ಬೆರಳಿನ ಒಂದು ಕೊಂಡಿ ತೆಗೆದ,
ಕಂಬಾರನ ಕಡೆ ಬಡಿಸಿದ್ದು,
ಸರಪಳಿಯ ನಡುವೆ ಸೇರಿಸಿದ.

‘ಸರಪಳಿ ಉದ್ದಾತಂದ್ರ ಹೊಲ ಗಿಡ್ಡಾಕ್ಕೈತಿ,
ಹೊಲ ಗಿಡ್ಡಾತಂದ್ರ ಪಟ್ಟಿ ಗಿಡ್ಡಾಕ್ಕೈತಿ.
ಇಷ್ಟರೀ ಲೆಕ್ಕ.’
ಲಾಳೇಸಾಬ ನಕ್ಕಾಗ
ಎಲೆಯ ಕೆಂಪು ಗದ್ದಕ್ಕಿಳಿಯಿತು.

ಸಂಜೆ ಕೊಂಡಿ ಬಿಚ್ಚಿ, ಮಾಲನಬಿಯ ಜೋಳದ ಗಡಿಗೆಯಲ್ಲಿ ಹಾಕಿ ಹೋದನಂತೆ.
ಏನು ಅಂತ ಆಕೆ ಕೇಳಲಿಲ್ಲ.
ಇಂವ ಹೇಳಲಿಲ್ಲ.
ಹಾಗಾದರೆ ನಿಮಗೆ ಹೇಗೆ ಗೊತ್ತು ಅಂದೆ.
ಲಾಳೇಸಾಬ ಕಿಸೆಯಿಂದ ಟ್ರ್ಯಾಕ್ಟರಿನ ಚಾವಿ ತೆಗೆದ.
ಚಾವಿ ತೂಗುತ್ತಿದ್ದದ್ದು ಅದೇ ಕೊಂಡಿಗೆ,
ಸವೆದು ನುಣ್ಣಗಾಗಿ, ಮೈಬಿಸಿಯಿಂದ ಬೆಚ್ಚಗೆ.
ಬೆರಳಿಟ್ಟು ನೋಡಿದೆ. ನನ್ನ ಕೈಗೆ ನಾಲ್ಕೂವರೆ.

ಈಗ ಹೇಳಲೇಬೇಕಾದ ಮಾತು ಹೇಳಿದೆ:
ರೊಕ್ಕ ಕಾಗದದ ಪ್ರಕಾರ ಬರುತ್ತದೆ ಅಣ್ಣಾ.
ಏಳು ಗುಂಟೆ ಕಾಗದದಲ್ಲಿಲ್ಲ.
ತಿದ್ದುಪಡಿಗೆ ಅರ್ಜಿ ಹಾಕಬಹುದು, ವರ್ಷಗಟ್ಟಲೆ,
ಹಾಕಿದರೆ ಕಾರಣ ಬರೆಯಬೇಕು.
ಗೊಲ್ಲಾಳಪ್ಪ ಮಾಡಿದ್ದು ಅಂತ ಬರೆಯಲೇ?

ಆತ ಬಹಳ ಹೊತ್ತು ಹೊಲ ನೋಡಿದ.
ಹಿಂಗಾರಿ ಜೋಳ, ಹಾಲುಗಾಳಿನ ತೆನೆ,
ಗಾಳಿಗೆ ಆಚೆಯಿಂದ ಈಚೆ ಒಂದೇ ಸಮ ಬಾಗುತ್ತಿತ್ತು.
‘ಅಂವನ ಹೆಸರು ತರಬ್ಯಾಡ್ರಿ.
ಕಾಗದದಾಗ ಇದ್ದಷ್ಟು ತಗೋರಿ, ಬ್ಯಾಡನ್ನೂದಿಲ್ಲ.
ಆದರ ಆ ಏಳು ಗುಂಟೆ ಸರಕಾರದ್ದಲ್ಲ ಹೌದಲ್ರೀ?
ಅದು ಎಲ್ಲೈತಿ ತೋರಸ್ರಿ. ಅಷ್ಟು ಬಿಟ್ಟು ಅಗೀರಿ.’

ಎಲ್ಲಿದೆ?
ಪ್ರತಿ ಸಾಲಿನಲ್ಲಿ ಒಂದು ಗೆರೆಯಷ್ಟು,
ಪ್ರತಿ ಹೆಜ್ಜೆಯಲ್ಲಿ ಉಗುರಿನಷ್ಟು,
ಅನ್ನದಲ್ಲಿ ಉಪ್ಪಿನ ಹಾಗೆ.
ಯಂತ್ರ ಒಮ್ಮೆ ಕೀಂ ಅಂದು ಸುಮ್ಮನಾಯಿತು,
ಬ್ಯಾಟರಿ ಮುಗಿದಿತ್ತು.

ಷರಾ ಅಂತ ಒಂದು ಕಲಂ ಇದೆ ನಮ್ಮ ನಮೂನೆಯಲ್ಲಿ,
ಎರಡು ಬೆರಳು ಅಗಲ.
ಪೆನ್ನು ತೆಗೆದೆ, ಮುಚ್ಚಳ ಹಾಕಿದೆ.
ಕಾಲು ಮಡಚಿ ಯಂತ್ರ ಎತ್ತಿಕೊಂಡಾಗ
ಎರಿಯಲ್ಲಿ ಮೂರು ತೂತು ಉಳಿದವು.
ಲಾಳೇಸಾಬ ಅವನ್ನು ಒಂದೊಂದಾಗಿ
ಕಾಲಿನಿಂದ ಮುಚ್ಚುತ್ತಿದ್ದ.